ಮೌಸ್ ಬಾಲಕ್ಕೆ ಐದು ತುದಿ

ಈಗ ಅಂಗಡಿಗೆ ಹೋಗಿ ಒಂದು ಮೌಸ್ ಕೊಡಿ ಎಂದರೆ ಅಂಗಡಿಯವರು ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ‘ವೈರ್ ಇರೋದಾ, ಇಲ್ಲದ್ದಾ?’ ಅಂತಾರೆ, ಅಷ್ಟೇ. ವೈರ್ ಇರುವ ಮೌಸಾದರೆ ಅದರ ತುದಿಯಲ್ಲಿ ಚಪ್ಪಟೆಯ ಯುಎಸ್‌ಬಿ ಪಿನ್ ಇರುತ್ತದೆ. ಯಾವ ಕಂಪನಿಯ ಕಂಪ್ಯೂಟರಿಗೆ ಚುಚ್ಚಿದರೂ ಎರಡು ಸೆಕೆಂಡಿನಲ್ಲಿ ಪರದೆಯ ಮೇಲೆ ಬಾಣ ಓಡಾಡುತ್ತದೆ.

1980ರ ದಶಕದಲ್ಲಿ ಹೀಗಿರಲಿಲ್ಲ. ಮೌಸ್ ಕೊಳ್ಳುವ ಮೊದಲು ನಿಮ್ಮ ಕಂಪ್ಯೂಟರ್ ಯಾವುದು, ಅದರ ಹಿಂಬದಿಯಲ್ಲಿ ಯಾವ ಆಕಾರದ ತೂತಿದೆ, ಆ ತೂತಿನಲ್ಲಿ ಈಗಾಗಲೇ ಬೇರೆ ಏನಾದರೂ ಕೂತಿದೆಯೇ ಎಂದೆಲ್ಲ ತಿಳಿದಿರಬೇಕಿತ್ತು. ನೋಕಿಯಾ ಫೋನಿನ ಕಾಲ ನೆನಪಿದ್ದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ದಪ್ಪ ಪಿನ್ನಿನ ಚಾರ್ಜರ್ ಒಂದು, ಸಣ್ಣ ಪಿನ್ನಿನದು ಇನ್ನೊಂದು. ನೆಂಟರ ಮನೆಗೆ ಹೋದಾಗ ಪಿನ್ ಹೊಂದದಿದ್ದರೆ ಫೋನ್ ಸತ್ತ ಹಾಗೆಯೇ. ಮೌಸಿನ ಕಥೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಪಿನ್ ಹೊಂದಿದರೂ ಮೌಸ್ ಕೆಲಸ ಮಾಡುತ್ತದೆ ಎಂಬ ಭರವಸೆ ಇರಲಿಲ್ಲ.

ಇಲಿಯಂಥ ಈ ಪುಟ್ಟ ಸಾಧನದ ಬಾಲಕ್ಕೆ ಮುಖ್ಯವಾಗಿ ಐದು ಬಗೆಯ ತುದಿಗಳು ಬಂದು ಹೋಗಿವೆ. ಒಂದೊಂದರ ಹಿಂದೆಯೂ ಒಂದೊಂದು ಲೆಕ್ಕಾಚಾರವಿದೆ. ಖರ್ಚು ಯಾರು ಹೊರಬೇಕು, ಲೆಕ್ಕ ಯಾರು ಇಡಬೇಕು, ಗಿರಾಕಿ ಯಾರ ಕೈಯಲ್ಲಿ ಇರಬೇಕು ಎಂಬ ಲೆಕ್ಕಾಚಾರ.

ಮರದ ತುಂಡು, ಎರಡು ಚಕ್ರ

ಮೌಸ್ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಕೆಲಸ ಮಾಡುತ್ತಿದ್ದ ಡಗ್ಲಸ್ ಎಂಗೆಲ್‌ಬಾರ್ಟ್ ಇದರ ಕಲ್ಪನೆ ಕೊಟ್ಟರು. ಅವರ ಜೊತೆಗಾರ ಬಿಲ್ ಇಂಗ್ಲಿಷ್ 1964ರಲ್ಲಿ ಅದನ್ನು ಮಾಡಿಕೊಟ್ಟರು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಮರದ ತುಂಡು, ಅದರ ಅಡಿಯಲ್ಲಿ ಎರಡು ಲೋಹದ ಚಕ್ರ. ಒಂದು ಚಕ್ರ ಅಡ್ಡ ಚಲನೆಗೆ, ಇನ್ನೊಂದು ಉದ್ದ ಚಲನೆಗೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಗೆಲ್‌ಬಾರ್ಟ್ ಇದನ್ನು ಎಲ್ಲರೆದುರು ತೋರಿಸಿದರು. ಅದೇ ವರ್ಷ ಪಶ್ಚಿಮ ಜರ್ಮನಿಯ ಟೆಲಿಫುಂಕನ್ ಕಂಪನಿಯೂ ಬೇರೆಯಾಗಿಯೇ ಒಂದು ಸಾಧನ ತಂದಿತ್ತು. ಅದರ ಅಡಿಯಲ್ಲಿ ಚಕ್ರದ ಬದಲು ಉರುಳುವ ಉಂಡೆ ಇತ್ತು.

ಎಂಗೆಲ್‌ಬಾರ್ಟ್ ಅವರ ಮೌಸಿಗೆ 1970ರಲ್ಲಿ ಪೇಟೆಂಟ್ ಸಿಕ್ಕಿತು. ಅದರ ಒಡೆತನ ಮಾತ್ರ ಅವರದಲ್ಲ, ಸಂಸ್ಥೆಯದು. ಮುಂದೆ ಆಪಲ್ ಕಂಪನಿಗೆ ಸಂಸ್ಥೆ ಸುಮಾರು 40,000 ಡಾಲರಿಗೆ ಪರವಾನಗಿ ಕೊಟ್ಟಿತೆಂದು ಎಂಗೆಲ್‌ಬಾರ್ಟ್ ಹೇಳಿಕೊಂಡಿದ್ದಾರೆ. ಮಾರಾಟವಾದ ಮೌಸುಗಳಿಂದ ಅವರಿಗೆ ರಾಯಲ್ಟಿ ಬರಲಿಲ್ಲ. 1987ರಲ್ಲಿ ಪೇಟೆಂಟ್ ಅವಧಿ ಮುಗಿಯಿತು. ಮೌಸ್ ಮನೆಮನೆಗೂ ಹೊರಟಿದ್ದು ಹೆಚ್ಚುಕಡಿಮೆ ಆಮೇಲೆಯೇ. ಬಿತ್ತಿದವರು ಒಬ್ಬರು, ಕುಯ್ದವರು ಇನ್ನೊಬ್ಬರು.

1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಮೌಸನ್ನು ಬೆಳೆಸಿತು. 1981ರಲ್ಲಿ ಜೆರಾಕ್ಸ್ ಸ್ಟಾರ್ ಎಂಬ ಯಂತ್ರದ ಜೊತೆ ಅದು ಮಾರುಕಟ್ಟೆಗೆ ಬಂತು. ಆ ಯಂತ್ರದ ಬೆಲೆ 16,000 ಡಾಲರಿಗೂ ಹೆಚ್ಚು. ಅಲ್ಲಿಯವರೆಗೆ ಮೌಸಿನ ತುದಿ ಹೇಗಿದೆ ಎಂಬುದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ಮಾಡಿದವರೇ ಕಂಪ್ಯೂಟರನ್ನೂ ಮಾಡುತ್ತಿದ್ದರು, ಮೌಸನ್ನೂ ಮಾಡುತ್ತಿದ್ದರು. ಒಬ್ಬರ ಮೌಸನ್ನು ಇನ್ನೊಬ್ಬರ ಕಂಪ್ಯೂಟರಿಗೆ ಹಾಕಬೇಕಾಗಿ ಬಂದಾಗ ತಕರಾರು ಶುರುವಾಯಿತು.

ಒಂದು: ದಡ್ಡ ಮೌಸ್, ಜಾಣ ಕಂಪ್ಯೂಟರ್

1983ರ ಆಪಲ್ ಲೀಸಾ, 1984ರ ಮ್ಯಾಕಿಂಟಾಷ್, 1985ರ ಅಟಾರಿ ಎಸ್‌ಟಿ ಮತ್ತು ಅಮಿಗಾ, ಈ ಎಲ್ಲ ಯಂತ್ರಗಳ ಮೌಸುಗಳೂ ಒಂದೇ ಜಾತಿ. ತುದಿಯಲ್ಲಿ ಒಂಬತ್ತು ಪಿನ್ನಿನ ಪ್ಲಗ್. ಮೌಸಿನೊಳಗೆ ಬುದ್ಧಿ ಎನ್ನುವುದು ಹೆಚ್ಚೇನೂ ಇಲ್ಲ.

ಒಳಗೆ ಏನಾಗುತ್ತದೆ ಎಂದರೆ, ಉಂಡೆ ಉರುಳಿದಾಗ ಸಣ್ಣ ಗಾಲಿಯೊಂದು ತಿರುಗುತ್ತದೆ. ಅದರ ಅಂಚಿನಲ್ಲಿ ಸೀಳುಗಳಿವೆ. ಒಂದು ಬದಿಯಿಂದ ಬೆಳಕು ಬಿಟ್ಟು ಇನ್ನೊಂದು ಬದಿಯಲ್ಲಿ ಎರಡು ಕಣ್ಣುಗಳನ್ನು ಇಟ್ಟಿರುತ್ತಾರೆ. ಎರಡು ಯಾಕೆ? ಸೈಕಲ್ ಚಕ್ರದ ಹತ್ತಿರ ಇಬ್ಬರು ಹುಡುಗರನ್ನು ಸ್ವಲ್ಪ ಅಂತರ ಬಿಟ್ಟು ಕೂರಿಸಿದಿರಿ ಎಂದುಕೊಳ್ಳಿ. ಕಡ್ಡಿ ತನ್ನ ಮುಂದೆ ಬಂದಾಗಲೆಲ್ಲ ಒಬ್ಬೊಬ್ಬನೂ ‘ಹೂಂ’ ಎನ್ನಬೇಕು. ‘ಹೂಂ’ಗಳನ್ನು ಎಣಿಸಿದರೆ ಚಕ್ರ ಎಷ್ಟು ತಿರುಗಿತು ಎಂದು ತಿಳಿಯುತ್ತದೆ. ಯಾರು ಮೊದಲು ಹೇಳಿದ ಎಂದು ನೋಡಿದರೆ ಚಕ್ರ ಮುಂದಕ್ಕೆ ಹೋಯಿತೋ ಹಿಂದಕ್ಕೆ ಹೋಯಿತೋ ಎಂಬುದೂ ತಿಳಿಯುತ್ತದೆ. ಅಡ್ಡ ಚಲನೆಗೆ ಎರಡು ವೈರು, ಉದ್ದ ಚಲನೆಗೆ ಎರಡು ವೈರು, ಬಟನ್ನಿಗೆ, ವಿದ್ಯುತ್ತಿಗೆ ಉಳಿದವು. ಎಣಿಸುವ ಕೆಲಸ ಪೂರ್ತಿ ಕಂಪ್ಯೂಟರಿನದು.

ಇದರಿಂದ ಮೌಸ್ ಅಗ್ಗವಾಗುತ್ತಿತ್ತು. ಕಂಪ್ಯೂಟರಿಗೆ ಚಲನೆ ತಡವಿಲ್ಲದೆ ತಲುಪುತ್ತಿತ್ತು. ಆದರೆ ಯಾವ ಪಿನ್ನಿಗೆ ಯಾವ ವೈರು ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಮಾಡಿದರು. ಅಟಾರಿ ಮೌಸನ್ನು ಅಮಿಗಾಕ್ಕೆ ಹಾಕಿದರೆ ಸಲೀಸಾಗಿ ಕೂರುತ್ತದೆ. ಆದರೆ ಒಂದನೇ ಮತ್ತು ನಾಲ್ಕನೇ ಪಿನ್ನಿನ ವೈರುಗಳು ಅದಲುಬದಲಾಗಿರುವುದರಿಂದ ಬಾಣ ದಿಕ್ಕೆಟ್ಟು ಕುಣಿಯುತ್ತದೆ. ಎರಡು ವೈರಿನ ಅದಲುಬದಲು, ಅಷ್ಟಕ್ಕೇ ಗಿರಾಕಿ ಎರಡು ಮೌಸ್ ಕೊಳ್ಳಬೇಕು.

ಎರಡು: ಕಾರ್ಡಿನ ಜೊತೆ ಬರುವ ಬಸ್ ಮೌಸ್

ಐಬಿಎಂ ಕಂಪನಿಯ ಪಿಸಿ 1981ರಲ್ಲಿ ಬಂದಾಗ ಅದಕ್ಕೆ ಮೌಸ್ ಹಾಕುವ ಜಾಗವೇ ಇರಲಿಲ್ಲ. ಅದು ಕೀಬೋರ್ಡಿನಲ್ಲಿ ಅಕ್ಷರ ಕುಟ್ಟುವ ಯಂತ್ರ. ಆದರೆ ಅದರೊಳಗೆ ಹೆಚ್ಚುವರಿ ಕಾರ್ಡ್ ಸಿಕ್ಕಿಸಲು ಐದು ಸ್ಲಾಟುಗಳಿದ್ದವು. ಮೌಸ್ ಮಾಡುವವರು ಆ ದಾರಿ ಹಿಡಿದರು.

ಮೈಕ್ರೋಸಾಫ್ಟ್ ತನ್ನ ಮೊದಲ ಮೌಸನ್ನು 1983ರಲ್ಲಿ ಬಿಟ್ಟಿತು. ಹಸಿರು ಬಣ್ಣದ ಎರಡು ಬಟನ್ನುಗಳಿದ್ದ ಅದರ ಬೆಲೆ 195 ಡಾಲರ್. ಜೊತೆಗೊಂದು ಕಾರ್ಡ್ ಕೊಡುತ್ತಿದ್ದರು. ಪಿಸಿಯ ಮುಚ್ಚಳ ಬಿಚ್ಚಿ ಆ ಕಾರ್ಡನ್ನು ಸ್ಲಾಟಿಗೆ ಕೂರಿಸಿ, ಮೌಸನ್ನು ಕಾರ್ಡಿಗೆ ಹಾಕಬೇಕು. ಕಂಪ್ಯೂಟರಿನೊಳಗೆ ಮಾಹಿತಿ ಓಡಾಡುವ ಹಾದಿಗೆ ‘ಬಸ್’ ಎಂದು ಹೆಸರು. ಕಾರ್ಡ್ ನೇರವಾಗಿ ಅದರ ಮೇಲೆಯೇ ಕೂರುವುದರಿಂದ ಇದು ಬಸ್ ಮೌಸ್. ನಮ್ಮ ಕೆಂಪು ಬಸ್ಸಿಗೂ ಇದಕ್ಕೂ ಸಂಬಂಧವಿಲ್ಲ.

ಇಲ್ಲಿಯೂ ಮೌಸ್ ದಡ್ಡನೇ. ಎಣಿಸುವ ಕೆಲಸ ಕಾರ್ಡಿನದು. ವೇಗ ಚೆನ್ನಾಗಿತ್ತು. ಆದರೆ ಒಂದು ಸ್ಲಾಟ್ ಹೋಯಿತು. ಜೊತೆಗೆ ಒಂದು ‘ಇಂಟರಪ್ಟ್’ ಕೂಡ ಹೋಯಿತು. ಇಂಟರಪ್ಟ್ ಎಂದರೆ ಪ್ರೊಸೆಸರಿನ ಹೆಗಲು ತಟ್ಟಿ ‘ನನ್ನ ಕಡೆ ನೋಡು’ ಎಂದು ಕರೆಯುವ ಹಕ್ಕು. ಆ ಹಕ್ಕುಗಳು ಹಳೇ ಪಿಸಿಯಲ್ಲಿ ಬೆರಳೆಣಿಕೆಯಷ್ಟಿದ್ದವು. ಸೌಂಡ್ ಕಾರ್ಡ್, ಪ್ರಿಂಟರ್, ಮೋಡೆಮ್ ಎಲ್ಲಕ್ಕೂ ಅದರಲ್ಲೇ ಪಾಲು ಬೇಕು. ಒಂದೇ ನಲ್ಲಿಗೆ ಹತ್ತು ಬಿಂದಿಗೆ ಇಟ್ಟ ಹಾಗೆ.

ಬಸ್ ಮೌಸಿನ ಪ್ಲಗ್ ಗುಂಡಗೆ, ಒಂಬತ್ತು ಪಿನ್ನಿನದು. ಮುಂದೆ ಬಂದ ಪಿಎಸ್/2 ಪ್ಲಗ್ಗಿನಷ್ಟೇ ಅಗಲ. ಹಳೇ ಸಾಮಾನು ಕೊಳ್ಳುವವರು ಈಗಲೂ ಇವೆರಡನ್ನು ಒಂದೇ ಎಂದು ತಿಳಿದು ಒತ್ತಿ ತುರುಕುತ್ತಾರೆ. ಪಿನ್ ಬಾಗುತ್ತದೆ. ಅಲ್ಲಿಗೆ ಮೌಸ್ ಹೋದಂತೆಯೇ.

ಮೂರು: ಎರವಲು ವಿದ್ಯುತ್ತಿನ ಸೀರಿಯಲ್ ಮೌಸ್

ಪಿಸಿಯ ಮುಚ್ಚಳ ಬಿಚ್ಚದೆ ಮೌಸ್ ಹಾಕುವುದು ಹೇಗೆ? ಮೌಸ್ ಸಿಸ್ಟಮ್ಸ್ ಎಂಬ ಕಂಪನಿ 1982ರಲ್ಲಿಯೇ ಉತ್ತರ ಕಂಡುಕೊಂಡಿತ್ತು: ಸೀರಿಯಲ್ ಪೋರ್ಟ್. ಇದು ಆರ್‌ಎಸ್-232 ಎಂಬ ಮಾನದಂಡದ ದಾರಿ. 1960ರಲ್ಲಿ ಮೋಡೆಮ್ ಮುಂತಾದ ಸಂಪರ್ಕ ಸಾಧನಗಳಿಗೆಂದು ಹುಟ್ಟಿದ್ದು. ಮೊದಲ ಪಿಸಿಗಳಲ್ಲಿ 25 ಪಿನ್ನಿನದು, 1984ರ ಪಿಸಿ ಎಟಿ ಯಂತ್ರದಿಂದ ಈಚೆಗೆ 9 ಪಿನ್ನಿನದು.

ಆರ್‌ಎಸ್-232 ಎಂದರೆ ಎಲ್ಲೋ ದೂರದ್ದು ಎಂದುಕೊಳ್ಳಬೇಡಿ. ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡುವ ಯಂತ್ರದ ಅಥವಾ ಎಲೆಕ್ಟ್ರಾನಿಕ್ ತಕ್ಕಡಿಯ ಹಿಂಬದಿಯನ್ನು ಒಮ್ಮೆ ನೋಡಿ. ಎರಡು ಸ್ಕ್ರೂ ಹಾಕಿ ಬಿಗಿದ ಒಂಬತ್ತು ಪಿನ್ನಿನ ಕೇಬಲ್ ಇದ್ದರೆ ಅದು ಬಹುತೇಕ ಇದೇ. ಲಾರಿ ತೂಗುವ ವೇ ಬ್ರಿಡ್ಜಿನಲ್ಲೂ ಇದು ಸಾಮಾನ್ಯ. ನಿಧಾನ, ಆದರೆ ಗಟ್ಟಿ ದಾರಿ.

ಸೀರಿಯಲ್ ದಾರಿಯಲ್ಲಿ ಮಾಹಿತಿ ಒಂದರ ಹಿಂದೆ ಒಂದು, ಇರುವೆ ಸಾಲಿನ ಹಾಗೆ ಹೋಗಬೇಕು. ನಾಲ್ಕು ವೈರಿನಲ್ಲಿ ನಾಲ್ವರು ಒಟ್ಟಿಗೆ ‘ಹೂಂ’ ಎನ್ನಲು ಆಗುವುದಿಲ್ಲ. ಹಾಗಾಗಿ ಎಣಿಸುವ ಕೆಲಸ ಮೌಸಿನೊಳಗೇ ಆಗಬೇಕಾಯಿತು. ಮೌಸಿಗೆ ಮೊದಲ ಬಾರಿ ಪುಟ್ಟ ಮಿದುಳು ಬಂತು. ಅದು ತಾನೇ ಎಣಿಸಿ, ‘ಬಲಕ್ಕೆ ಇಷ್ಟು, ಕೆಳಕ್ಕೆ ಇಷ್ಟು, ಎಡ ಬಟನ್ ಒತ್ತಿದೆ’ ಎಂದು ಚೀಟಿ ಬರೆದು ಕಳಿಸತೊಡಗಿತು. ಮೈಕ್ರೋಸಾಫ್ಟ್ ರೀತಿಯ ಚೀಟಿಯಲ್ಲಿ ಮೂರು ಬೈಟ್. ಮೌಸ್ ಸಿಸ್ಟಮ್ಸ್ ರೀತಿಯದರಲ್ಲಿ ಐದು ಬೈಟ್. ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ಮೂರು ಬೈಟಿನ ಚೀಟಿ ಸುಮಾರು 40 ಸಲ ಮಾತ್ರ ತಲುಪುತ್ತದೆ. ಕೈ ಜೋರಾಗಿ ಓಡಿದರೆ ಬಾಣ ಜಿಗಿಜಿಗಿದು ಓಡುತ್ತದೆ.

ಇನ್ನೊಂದು ಕಷ್ಟ ವಿದ್ಯುತ್ತಿನದು. ಈ ಪೋರ್ಟಿನಲ್ಲಿ ಕರೆಂಟ್ ಕೊಡುವ ಪಿನ್ನೇ ಇಲ್ಲ. ಮೋಡೆಮಿಗೆ ಅದರದೇ ಕರೆಂಟ್ ಇರುತ್ತಿತ್ತಲ್ಲ! ಎಂಜಿನಿಯರುಗಳು ಒಂದು ಉಪಾಯ ಹುಡುಕಿದರು. ಸಂಕೇತ ಕೊಡಲೆಂದು ಇದ್ದ ಎರಡು ವೈರುಗಳನ್ನು ಸದಾ ಚಾಲೂ ಇಟ್ಟು, ಅದರಲ್ಲಿ ಹರಿಯುವ ಚೂರುಪಾರು ಕರೆಂಟಿನಲ್ಲೇ ಮೌಸ್ ನಡೆಯುವಂತೆ ಮಾಡಿದರು. ಪಕ್ಕದ ಮನೆಯ ಕಿಟಕಿಯಿಂದ ಬೀಳುವ ಬೆಳಕಿನಲ್ಲಿ ಕೂತು ಓದಿದ ಹಾಗೆ. ಆ ವೈರು ಚಾಲೂ ಆದ ಕೂಡಲೇ ಮೈಕ್ರೋಸಾಫ್ಟ್ ರೀತಿಯ ಮೌಸ್ ‘ಎಂ’ ಎಂಬ ಒಂದೇ ಒಂದು ಅಕ್ಷರ ಕಳಿಸುತ್ತದೆ. ನಾನಿಲ್ಲಿದ್ದೇನೆ ಎಂದು ಹೇಳುವ ರೀತಿ ಅದು.

ಇಂಟರಪ್ಟ್ ಜಗಳ ಇಲ್ಲಿಯೂ ತಪ್ಪಲಿಲ್ಲ. ಪಿಸಿಯಲ್ಲಿ ನಾಲ್ಕು ಸೀರಿಯಲ್ ಪೋರ್ಟ್ ಇರಬಹುದಿತ್ತು. ಆದರೆ ಒಂದನೆಯದೂ ಮೂರನೆಯದೂ ಸಾಮಾನ್ಯವಾಗಿ ಒಂದೇ ಇಂಟರಪ್ಟ್ ಹಂಚಿಕೊಳ್ಳಬೇಕು. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಇನ್ನೊಂದು. ಮೌಸ್ ಒಂದರಲ್ಲಿ, ಮೋಡೆಮ್ ಮೂರರಲ್ಲಿ ಇದ್ದರೆ ಫೋನ್ ಲೈನ್ ಹಿಡಿದ ಕೂಡಲೇ ಮೌಸ್ ನಿಂತುಬಿಡುವುದು ಆ ಕಾಲದ ಮಾಮೂಲಿ ರಗಳೆ.

ನಾಲ್ಕು: ಎತ್ತು ಏರಿಗೆ, ಕೋಣ ನೀರಿಗೆ

1986 ಮತ್ತು 1987ರಲ್ಲಿ ಎರಡು ದೊಡ್ಡ ಕಂಪನಿಗಳು ಈ ಗೋಜಲು ಬಗೆಹರಿಸಲು ಹೊರಟವು. ಎರಡೂ ಒಳ್ಳೆಯ ಉತ್ತರವನ್ನೇ ಕೊಟ್ಟವು. ಆದರೆ ಒಂದರ ಉತ್ತರ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ.

ಆಪಲ್ ತಂದದ್ದು ಎಡಿಬಿ, ಅಂದರೆ ಆಪಲ್ ಡೆಸ್ಕ್‌ಟಾಪ್ ಬಸ್. ಇದನ್ನು ರೂಪಿಸಿದವರು ಆಪಲ್ ಸ್ಥಾಪಕರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್. 1986ರ ಸೆಪ್ಟೆಂಬರಿನಲ್ಲಿ ಆಪಲ್ 2ಜಿಎಸ್ ಯಂತ್ರದಲ್ಲಿ ಮೊದಲು ಬಂತು, 1987ರಲ್ಲಿ ಮ್ಯಾಕಿಂಟಾಷ್‌ಗೂ ಬಂತು. ನಾಲ್ಕೇ ಪಿನ್. ಮಾಹಿತಿ ಹೋಗಿಬರುವುದು ಒಂದೇ ವೈರಿನಲ್ಲಿ. ಒಂದಕ್ಕೆ ಇನ್ನೊಂದನ್ನು ಪೋಣಿಸಿಕೊಂಡು ಹೋಗಬಹುದು. ಕಂಪ್ಯೂಟರಿಗೆ ಕೀಬೋರ್ಡ್, ಕೀಬೋರ್ಡಿಗೆ ಮೌಸ್. ಮೌಸನ್ನು ಕೀಬೋರ್ಡಿನ ಎಡಕ್ಕೂ ಹಾಕಬಹುದು, ಬಲಕ್ಕೂ ಹಾಕಬಹುದು. ಎಡಚರಿಗೆ ಇದು ದೊಡ್ಡ ಅನುಕೂಲ. ಪ್ರತಿಯೊಂದಕ್ಕೂ ಒಂದು ವಿಳಾಸವಿರುತ್ತದೆ: ಕೀಬೋರ್ಡಿಗೆ 2, ಮೌಸಿಗೆ 3. ಕಂಪ್ಯೂಟರ್ ಹಾಜರಿ ಕರೆದ ಹಾಗೆ ಕೇಳುತ್ತದೆ, ಹೇಳಲು ಏನಾದರೂ ಇದ್ದವರು ಉತ್ತರಿಸುತ್ತಾರೆ.

ಐಬಿಎಂ ತಂದದ್ದು ಪಿಎಸ್/2. ಇದರ ಹಿಂದಿನ ಕಥೆಯೇ ಬೇರೆ. ಐಬಿಎಂ ಪಿಸಿಯ ನಕಲುಗಳನ್ನು ಕಂಪಾಕ್ ಮುಂತಾದ ಕಂಪನಿಗಳು ಅಗ್ಗಕ್ಕೆ ಮಾರಿ ಮಾರುಕಟ್ಟೆ ಕಬಳಿಸಿದ್ದವು. ಅದನ್ನು ಮರಳಿ ಪಡೆಯಲು 1987ರ ಏಪ್ರಿಲ್ 2ರಂದು ಐಬಿಎಂ ಪರ್ಸನಲ್ ಸಿಸ್ಟಮ್/2 ಎಂಬ ಹೊಸ ಯಂತ್ರಗಳ ಸಾಲನ್ನು ಹೊರತಂದಿತು. ಅವುಗಳ ಮುಖ್ಯ ಅಸ್ತ್ರ ಮೈಕ್ರೋ ಚಾನೆಲ್ ಎಂಬ ಹೊಸ ಸ್ಲಾಟ್. ಬೇರೆಯವರು ಅದನ್ನು ಬಳಸಬೇಕಾದರೆ ಐಬಿಎಂಗೆ ಪರವಾನಗಿ ಹಣ ಕೊಡಬೇಕು. ನಕಲು ಮಾಡುವವರು ಒಪ್ಪಲಿಲ್ಲ. 1988ರಲ್ಲಿ ಒಂಬತ್ತು ಕಂಪನಿಗಳು ಸೇರಿ ತಮ್ಮದೇ ಬೇರೆ ಸ್ಲಾಟ್ ಘೋಷಿಸಿದವು. ಮೈಕ್ರೋ ಚಾನೆಲ್ ಮೂಲೆ ಸೇರಿತು. ಆದರೆ ಅದೇ ಯಂತ್ರದಲ್ಲಿದ್ದ ಎರಡು ಗುಂಡನೆಯ ಪುಟ್ಟ ಪೋರ್ಟುಗಳನ್ನು, ಕೀಬೋರ್ಡಿಗೊಂದು ಮೌಸಿಗೊಂದು, ಎಲ್ಲರೂ ತಮ್ಮ ಯಂತ್ರಗಳಿಗೆ ಹಾಕಿಕೊಂಡರು. ಮನೆ ಬಿತ್ತು, ಬಾಗಿಲು ಮಾತ್ರ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಪಿಎಸ್/2 ಎಂದರೆ ಈಗ ಬಹಳ ಜನಕ್ಕೆ ಆ ಗುಂಡನೆಯ ಪಿನ್ನೇ ಗೊತ್ತು, ಅದೊಂದು ಕಂಪ್ಯೂಟರಿನ ಹೆಸರು ಎಂಬುದು ಗೊತ್ತಿಲ್ಲ.

ಪಿಎಸ್/2 ಪ್ಲಗ್ಗಿನಲ್ಲಿ ಆರು ಪಿನ್, ಕೆಲಸ ಮಾಡುವುದು ನಾಲ್ಕು: ಕರೆಂಟು, ನೆಲ, ಮಾಹಿತಿ, ತಾಳ. ತಾಳ ಎಂದರೆ ಮಾಹಿತಿಯ ಒಂದೊಂದು ಬಿಟ್ಟನ್ನೂ ಯಾವ ಕ್ಷಣ ಓದಬೇಕೆಂದು ಹೇಳುವ ವೈರು. ಐದು ವೋಲ್ಟ್ ಕರೆಂಟ್ ಸರಿಯಾಗಿ ಸಿಕ್ಕಿದ್ದರಿಂದ ಎರವಲು ಬೇಡವಾಯಿತು. ಮೌಸಿಗೆಂದೇ ಪ್ರತ್ಯೇಕ ಇಂಟರಪ್ಟ್ ಸಿಕ್ಕಿತು, 12ನೆಯದು. ಮೌಸ್ ಸೆಕೆಂಡಿಗೆ 100 ಸಲ ಚೀಟಿ ಕಳಿಸಬಲ್ಲದು. ಅಷ್ಟೇ ಅಲ್ಲ, ಕಂಪ್ಯೂಟರ್ ಕೂಡ ಮೌಸಿಗೆ ಆಜ್ಞೆ ಕೊಡಬಲ್ಲದು. ಮಾತುಕತೆ ಎರಡೂ ಕಡೆಯಿಂದ ಆಯಿತು.

ಈ ಎರಡು ಕಡೆಯ ಮಾತಿನ ಉಪಯೋಗ 1996ರಲ್ಲಿ ತಿಳಿಯಿತು. ಮೈಕ್ರೋಸಾಫ್ಟ್ ಆಗ ನಡುವೆ ಗಾಲಿ ಇರುವ ಇಂಟೆಲ್ಲಿಮೌಸ್ ತಂದಿತು. ಹಳೇ ಚೀಟಿಯಲ್ಲಿ ಗಾಲಿಯ ಲೆಕ್ಕಕ್ಕೆ ಜಾಗವಿಲ್ಲ. ನಾಲ್ಕನೇ ಬೈಟ್ ಸೇರಿಸಿದರೆ ಹಳೇ ಕಂಪ್ಯೂಟರುಗಳು ಗಲಿಬಿಲಿಗೊಳ್ಳುತ್ತವೆ. ಹಾಗಾಗಿ ಒಂದು ಗುಟ್ಟಿನ ಬಡಿತ ಇಟ್ಟರು. ಹೊಸ ಕಂಪ್ಯೂಟರ್ ಮೌಸಿಗೆ ‘ಸೆಕೆಂಡಿಗೆ 200 ಸಲ ಕಳಿಸು, ಅಲ್ಲ 100 ಸಲ, ಅಲ್ಲ 80 ಸಲ’ ಎಂದು ಒಂದರ ಹಿಂದೆ ಒಂದು ಆಜ್ಞೆ ಕೊಟ್ಟು ‘ನೀನು ಯಾರು’ ಎಂದು ಕೇಳುತ್ತದೆ. ಹಳೇ ಮೌಸ್ ‘0’ ಎನ್ನುತ್ತದೆ. ಗಾಲಿ ಇರುವ ಮೌಸಿಗೆ ಆ ಬಡಿತದ ಅರ್ಥ ಗೊತ್ತು, ಅದು ‘3’ ಎನ್ನುತ್ತದೆ. ಆಮೇಲೆ ನಾಲ್ಕು ಬೈಟಿನ ಚೀಟಿ ಶುರು. ಹಳೇ ಕಂಪ್ಯೂಟರಿಗೆ ಹೊಸ ಮೌಸ್ ಹಾಕಿದರೂ ಕೆಲಸ ನಿಲ್ಲುವುದಿಲ್ಲ, ಗಾಲಿ ಮಾತ್ರ ಸುಮ್ಮನಿರುತ್ತದೆ. ಹಳಬರನ್ನು ಹೊರಗಟ್ಟದೆ ಹೊಸದನ್ನು ಸೇರಿಸಿದ ಜಾಣತನವಿದು.

ಪಿಎಸ್/2ರ ಎರಡು ದೋಷಗಳನ್ನೂ ಹೇಳಬೇಕು. ಕೀಬೋರ್ಡಿನ ತೂತು, ಮೌಸಿನ ತೂತು ನೋಡಲು ಒಂದೇ ಥರ. ಅದಲುಬದಲಾದರೆ ಎರಡೂ ಕೆಲಸ ಮಾಡುವುದಿಲ್ಲ. ಅದಕ್ಕೇ 1990ರ ದಶಕದ ಕೊನೆಯಲ್ಲಿ ಮೌಸಿಗೆ ಹಸಿರು, ಕೀಬೋರ್ಡಿಗೆ ನೇರಳೆ ಎಂಬ ಬಣ್ಣದ ಗುರುತು ಬಂತು. ಇನ್ನೊಂದು, ಕಂಪ್ಯೂಟರ್ ಚಾಲೂ ಇದ್ದಾಗ ಇದನ್ನು ಕೀಳಬಾರದು, ಹಾಕಬಾರದು. ಎಡಿಬಿಗೂ ಇದೇ ನಿಯಮ. ಆಗ ಹಾಕಿದರೆ ಮೌಸ್ ಗುರುತು ಸಿಗದೇ ಇರಬಹುದು. ಕೆಲವೊಮ್ಮೆ ಮದರ್‌ಬೋರ್ಡಿನ ಪುಟ್ಟ ಫ್ಯೂಸ್ ಹೋಗಿ ಪೋರ್ಟೇ ಸಾಯಬಹುದು.

ಐದು: ಎಲ್ಲರಿಗೂ ಒಂದೇ

1996ರ ಜನವರಿಯಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಹೊರಬಂತು. ಇದರಲ್ಲಿ ಭಾರತದವರೊಬ್ಬರ ಪಾಲು ದೊಡ್ಡದು. ಗುಜರಾತಿನ ಬರೋಡಾದಲ್ಲಿ ಓದಿ ಅಮೆರಿಕಕ್ಕೆ ಹೋದ ಅಜಯ್ ಭಟ್ ಆಗ ಇಂಟೆಲ್ ಕಂಪನಿಯಲ್ಲಿದ್ದರು. ಪ್ರಿಂಟರಿಗೊಂದು, ಮೌಸಿಗೊಂದು, ಮೋಡೆಮಿಗೊಂದು ಎಂದು ಹತ್ತಾರು ತೂತು ಯಾಕೆ, ಎಲ್ಲಕ್ಕೂ ಒಂದೇ ಸಾಕಲ್ಲವೇ ಎಂಬುದು ಅವರ ವಾದ. ಒಂದೇ ಕಂಪನಿ ಇದನ್ನು ಮಾಡಿದ್ದರೆ ಎಡಿಬಿಯ ಗತಿಯೇ ಆಗುತ್ತಿತ್ತೇನೋ. ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ, ಕಂಪಾಕ್, ಡಿಇಸಿ, ಎನ್‌ಇಸಿ, ನಾರ್ಟೆಲ್ ಎಂಬ ಏಳು ಕಂಪನಿಗಳು ಒಟ್ಟಿಗೆ ಕೂತು ಇದನ್ನು ರೂಪಿಸಿದವು. ಪರವಾನಗಿ ಹಣದ ಗೋಡೆ ಎಬ್ಬಿಸಲಿಲ್ಲ.

ಯುಎಸ್‌ಬಿಯ ನಿಜವಾದ ಬಲ ಪಿನ್ನಿನ ಆಕಾರದಲ್ಲಿಲ್ಲ. ಒಳಗೆ ಕೂಡಲೇ ಮೌಸ್ ತನ್ನ ಪರಿಚಯ ತಾನೇ ಹೇಳುತ್ತದೆ: ‘ನಾನು ಮೌಸ್, ನನಗೆ ಮೂರು ಬಟನ್ ಇದೆ, ಒಂದು ಗಾಲಿ ಇದೆ, ನನ್ನ ಚೀಟಿ ಹೀಗಿರುತ್ತದೆ’. ಈ ಪರಿಚಯ ಪತ್ರದ ರೂಪ ಎಲ್ಲರಿಗೂ ಒಂದೇ. ಹಾಗಾಗಿ ಕಂಪನಿಗೊಂದು ಸಿ.ಡಿ. ಹಾಕಿ ಡ್ರೈವರ್ ತುಂಬಿಸುವ ಕೆಲಸ ಬೇಡವಾಯಿತು. ಕರೆಂಟು ಅದರಲ್ಲೇ ಇದೆ. ಚಾಲೂ ಇದ್ದಾಗಲೇ ಹಾಕಬಹುದು, ಕೀಳಬಹುದು. ಇಂಟರಪ್ಟ್ ಜಗಳವೂ ಇಲ್ಲ. ಕಂಪ್ಯೂಟರೇ ಸಾಮಾನ್ಯವಾಗಿ ಸೆಕೆಂಡಿಗೆ 125 ಸಲ ‘ಏನಾದರೂ ಇದೆಯಾ’ ಎಂದು ಕೇಳುತ್ತದೆ.

ಆದರೆ ಮೊದಲೆರಡು ವರ್ಷ ಇದನ್ನು ಕೇಳುವವರು ಕಡಿಮೆ. ಪಿಸಿಗಳಲ್ಲಿ ತೂತು ಇತ್ತು, ಹಾಕಲು ಸಾಮಾನಿರಲಿಲ್ಲ. 1998ರಲ್ಲಿ ಎರಡು ಘಟನೆ ನಡೆದವು. ವಿಂಡೋಸ್ 98 ಯುಎಸ್‌ಬಿಗೆ ಸರಿಯಾದ ಬೆಂಬಲ ತಂದಿತು. ಆಗಸ್ಟಿನಲ್ಲಿ ಆಪಲ್ ಐಮ್ಯಾಕ್ ಬಿಟ್ಟು, ಅದರಲ್ಲಿ ತನ್ನದೇ ಎಡಿಬಿಯನ್ನು ಕಿತ್ತುಹಾಕಿತು. ಹಳೇ ಮ್ಯಾಕ್ ಇದ್ದವರ ಮೌಸು, ಕೀಬೋರ್ಡು ಒಂದೇ ದಿನದಲ್ಲಿ ಹೊಸ ಯಂತ್ರಕ್ಕೆ ಕೆಲಸಕ್ಕೆ ಬಾರದವಾದವು. ಬಯ್ದುಕೊಂಡರು, ಪರಿವರ್ತಕಗಳನ್ನು ಕೊಂಡರು. ಯುಎಸ್‌ಬಿ ಸಾಮಾನು ಮಾಡುವವರಿಗೆ ಮಾತ್ರ ಮೊದಲ ಬಾರಿ ಖಾತ್ರಿ ಮಾರುಕಟ್ಟೆ ಸಿಕ್ಕಿತು. ಎಲ್ಲರಿಗೂ ಒಂದೇ ಪಿನ್ ಎಂಬ ಇಂದಿನ ಸುಖದ ಬೆಲೆಯನ್ನು ಅಂದು ಕೆಲವರು ತಮ್ಮ ಜೇಬಿನಿಂದ ಕೊಟ್ಟಿದ್ದಾರೆ.

ಕೂತ ಮಾತ್ರಕ್ಕೆ ಕೆಲಸ ಮಾಡುವುದಿಲ್ಲ

ಹಳೇ ಯಂತ್ರವನ್ನು ಈಗಲೂ ನಡೆಸಬೇಕಾದವರು ಇದ್ದಾರೆ. ಹಳೇ ತಂತ್ರಾಂಶದಲ್ಲಿ ಮಾತ್ರ ತೆರೆಯುವ ಕಡತ, ಹಳೇ ಪಿಸಿಯಿಂದ ಮಾತ್ರ ನಡೆಯುವ ಕಾರ್ಖಾನೆ ಯಂತ್ರ, ಹೀಗೆ ಕಾರಣ ಹಲವು. ಅವರು ಮೋಸ ಹೋಗುವುದು ಹೆಚ್ಚಾಗಿ ಒಂದೇ ಕಡೆ: ಹೆಬ್ಬೆರಳಿನಷ್ಟಿರುವ ಹಸಿರು ಅಡಾಪ್ಟರ್.

ಒಂದು ಬದಿ ಯುಎಸ್‌ಬಿ, ಇನ್ನೊಂದು ಬದಿ ಪಿಎಸ್/2. ಇದನ್ನು ಹಾಕಿದರೆ ಯಾವ ಯುಎಸ್‌ಬಿ ಮೌಸಾದರೂ ಹಳೇ ಪಿಸಿಗೆ ನಡೆಯುತ್ತದೆ ಎಂದು ಜನ ನಂಬುತ್ತಾರೆ. ಆದರೆ ಅದರೊಳಗೆ ನಾಲ್ಕು ವೈರು ಬಿಟ್ಟರೆ ಏನೂ ಇಲ್ಲ. ಅದು ಭಾಷೆ ಬದಲಿಸುವುದಿಲ್ಲ, ಬಾಗಿಲಿನ ಅಳತೆಯನ್ನಷ್ಟೇ ಬದಲಿಸುತ್ತದೆ. ಯುಎಸ್‌ಬಿ ಬಂದ ಹೊಸತರಲ್ಲಿ ಹಲವು ಕಂಪನಿಗಳು ಎರಡೂ ಭಾಷೆ ಬಲ್ಲ ಮೌಸುಗಳನ್ನು ಮಾಡಿ, ಅವುಗಳ ಜೊತೆಗೇ ಈ ಅಡಾಪ್ಟರ್ ಕೊಡುತ್ತಿದ್ದವು. ಆ ಮೌಸಿಗೆ ಅದು ಸರಿ. ಈಗಿನ ಹಲವು ಅಗ್ಗದ ಮೌಸುಗಳಿಗೆ ಯುಎಸ್‌ಬಿ ಭಾಷೆ ಮಾತ್ರ ಗೊತ್ತು. ಅಡಾಪ್ಟರ್ ಹಾಕಿದರೆ ದೀಪ ಹತ್ತುತ್ತದೆ, ಬಾಣ ಅಲ್ಲಾಡುವುದಿಲ್ಲ. ಪಿಎಸ್/2 ಮೌಸನ್ನು ಒಂಬತ್ತು ಪಿನ್ನಿನ ಸೀರಿಯಲ್ಲಿಗೆ ಬದಲಿಸುವ ಅಡಾಪ್ಟರಿನ ಕಥೆಯೂ ಇದೇ.

ಇನ್ನೂ ಅಪಾಯದ್ದೊಂದಿದೆ. ಅಮಿಗಾ ಅಥವಾ ಅಟಾರಿ ಮೌಸಿನ ಒಂಬತ್ತು ಪಿನ್ನಿನ ಪ್ಲಗ್ ಪಿಸಿಯ ಸೀರಿಯಲ್ ಪೋರ್ಟಿಗೆ ಲಕ್ಷಣವಾಗಿ ಕೂರುತ್ತದೆ. ಆದರೆ ಆ ಮೌಸ್ ಐದು ವೋಲ್ಟಿಗೆ ಮಾಡಿದ್ದು. ಪಿಸಿಯ ಸೀರಿಯಲ್ ವೈರಿನಲ್ಲಿ ಹನ್ನೆರಡು ವೋಲ್ಟಿನವರೆಗೂ ಇರಬಹುದು. ಮೌಸ್ ಸುಟ್ಟುಹೋಗುವ ಸಾಧ್ಯತೆ ಇದೆ.

ಸರಿಯಾದ ದಾರಿ ಎಂದರೆ ಒಳಗೆ ಚಿಪ್ ಇರುವ ಪರಿವರ್ತಕ. ಅದು ದುಭಾಷಿಯ ಕೆಲಸ ಮಾಡುತ್ತದೆ: ಒಂದು ಕಡೆ ಯುಎಸ್‌ಬಿ ಮೌಸಿನ ಮಾತು ಕೇಳಿ, ಇನ್ನೊಂದು ಕಡೆಗೆ ಸೀರಿಯಲ್, ಪಿಎಸ್/2 ಅಥವಾ ಎಡಿಬಿ ಭಾಷೆಯಲ್ಲಿ ಹೇಳುತ್ತದೆ. ಹಳೇ ಕಂಪ್ಯೂಟರ್ ಹುಚ್ಚಿನ ಹವ್ಯಾಸಿಗಳು ಸಣ್ಣ ಮೈಕ್ರೋಕಂಟ್ರೋಲರ್ ಬಳಸಿ ಇಂಥವನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಕೊಳ್ಳುವಾಗ ಇದು ಬರೀ ವೈರಿನದೋ ಚಿಪ್ ಇರುವುದೋ ಎಂದು ಕೇಳಿ.

ಯಾವುದು ಮೇಲು?

ಐದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಎಣಿಸುವ ಬುದ್ಧಿ ಮೊದಲು ಕಂಪ್ಯೂಟರಿನಲ್ಲಿತ್ತು, ಆಮೇಲೆ ಕಾರ್ಡಿಗೆ ಬಂತು, ಕೊನೆಗೆ ಮೌಸಿನೊಳಗೇ ಹೋಯಿತು. ಬುದ್ಧಿ ಮೌಸಿಗೆ ಹೋದಷ್ಟೂ ಮೌಸ್ ಸ್ವತಂತ್ರವಾಯಿತು. ದಡ್ಡ ಮೌಸ್ ಒಂದೇ ಯಂತ್ರದ ಆಳು, ಜಾಣ ಮೌಸ್ ಎಲ್ಲಿ ಬೇಕಾದರೂ ದುಡಿಯಬಲ್ಲದು.

ತಾಂತ್ರಿಕವಾಗಿ ಸೊಗಸಾದದ್ದು ಎಡಿಬಿ. ಆದರೆ ಆಪಲ್ ಅಂಗಳದಾಚೆ ಅದು ಹೆಚ್ಚು ಬೆಳೆಯಲಿಲ್ಲ. ನಿಧಾನದ್ದು ಸೀರಿಯಲ್. ಆದರೆ ಆ ಪೋರ್ಟ್ ಯಾರಪ್ಪನ ಮನೆಯ ಆಸ್ತಿಯೂ ಆಗಿರಲಿಲ್ಲವಾದ್ದರಿಂದ ಅಗ್ಗದ ಮೌಸುಗಳು ಅದರ ಮೇಲೆಯೇ ಬಂದವು, ಮೌಸ್ ಸಾಮಾನ್ಯರ ಕೈಗೆ ಸಿಕ್ಕಿತು. ಪಿಎಸ್/2 ಗೆದ್ದದ್ದು ಐಬಿಎಂ ಹಟದಿಂದಲ್ಲ, ಉಳಿದವರು ಎತ್ತಿಕೊಂಡಿದ್ದರಿಂದ. ಯುಎಸ್‌ಬಿ ಗೆದ್ದದ್ದು ಏಳು ಜನ ಒಟ್ಟಿಗೆ ಕೂತಿದ್ದರಿಂದ. ಟ್ರ್ಯಾಕ್ಟರ್ ಬಿಡಿಭಾಗವಿರಲಿ, ಪಂಪ್‌ಸೆಟ್ಟಿನ ಸ್ಟಾರ್ಟರ್ ಇರಲಿ, ಇ-ಬೈಕಿನ ಚಾರ್ಜರ್ ಇರಲಿ, ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಯೂ ಇದೇ ಜಾತಿಯದು: ಇದು ಇವರ ಅಂಗಡಿಯಲ್ಲಿ ಮಾತ್ರ ಸಿಗುವುದೋ, ಎಲ್ಲ ಕಡೆ ಸಿಗುವುದೋ?

ಕೊನೆಗೆ ನಿಮ್ಮ ಕೈಯಲ್ಲಿರುವ ಫೋನಿನ ವಿಷಯ. ಫೋನ್ ಬಿದ್ದು ಟಚ್ ಕೆಟ್ಟಿದೆ, ಆದರೆ ಪರದೆ ಕಾಣುತ್ತಿದೆ ಎಂದಿಟ್ಟುಕೊಳ್ಳಿ. ಒಳಗೆ ಮದುವೆ ಫೋಟೋ, ಲೆಕ್ಕಪತ್ರ, ನಂಬರುಗಳೆಲ್ಲ ಇವೆ. ಎಸೆಯುವ ಮೊದಲು ಒಂದು ಓಟಿಜಿ ಅಡಾಪ್ಟರ್ ತಂದು, ಅದಕ್ಕೆ ಮಾಮೂಲಿ ಯುಎಸ್‌ಬಿ ಮೌಸ್ ಹಾಕಿ ಫೋನಿಗೆ ಚುಚ್ಚಿ. ಓಟಿಜಿ ಸೌಲಭ್ಯವಿರುವ ಆಂಡ್ರಾಯ್ಡ್ ಫೋನಾದರೆ ಪರದೆಯ ಮೇಲೆ ಪುಟ್ಟ ಬಾಣ ಬರುತ್ತದೆ. ಅದರಲ್ಲೇ ಪಿನ್ ನಂಬರ್ ಒತ್ತಿ, ಬೀಗ ತೆಗೆದು, ಬೇಕಾದದ್ದನ್ನು ಬೇರೆ ಕಡೆಗೆ ಕಳಿಸಿಕೊಳ್ಳಬಹುದು. ಫೋನ್ ಮಾಡಿದ ಕಂಪನಿಯೂ ಮೌಸ್ ಮಾಡಿದ ಕಂಪನಿಯೂ ಒಬ್ಬರನ್ನೊಬ್ಬರು ಕಂಡೇ ಇರುವುದಿಲ್ಲ, ಆದರೂ ಕೆಲಸ ಆಗುತ್ತದೆ.